ಪಂಕ್ತಿ ಎದ್ದ ಮೇಲೆ ನೆಲ ಒರೆಸಲು ಅಡ್ಡಿಯಾಗದ ಊಟದ ಮೇಜು ಹೇಗಿರಬೇಕು?

ನಿಮ್ಮ ಪ್ರಶ್ನೆಯನ್ನು ನಾನು ಅರ್ಥಮಾಡಿಕೊಂಡದ್ದು ಹೀಗೆ: ಉಡುಪಿ ಸಮೀಪದ ನಿಮ್ಮ ದೇವಸ್ಥಾನದ ಭೋಜನಶಾಲೆಯಲ್ಲಿ ಒಂದು ಸಲಕ್ಕೆ 120 ಮಂದಿ ಮೇಜು-ಕುರ್ಚಿಗಳಲ್ಲಿ ಕುಳಿತು ಉಣ್ಣುತ್ತಾರೆ, ಮಧ್ಯಾಹ್ನ ಮೂರು ಪಂಕ್ತಿ ಆಗುತ್ತದೆ, ಒಂದು ಪಂಕ್ತಿ ಎದ್ದು ಇನ್ನೊಂದು ಕೂರುವ ನಡುವಿನ ಕಾಲು ಗಂಟೆಯಲ್ಲಿ ಇಬ್ಬರು ಹೆಂಗಸರು ಮೇಜು ಒರೆಸಿ ನೆಲವನ್ನೂ ಒರೆಸಬೇಕು, ಆದರೆ ಕುರ್ಚಿಗಳ ಕಾಲುಗಳ ನಡುವೆ ಅನ್ನದ ಅಗುಳು, ಸಾರಿನ ಕಲೆ ಉಳಿದೇ ಬಿಡುತ್ತವೆ. ಎತ್ತರ ಏರಿಸಿ ಇಳಿಸಬಹುದಾದ, ಮಡಚಬಹುದಾದ ಪೀಠೋಪಕರಣ ಮಾಡಿಸಿದರೆ ಈ ತೊಂದರೆ ತಪ್ಪುತ್ತದೆಯೇ ಎಂದು ಕೇಳಿದ್ದೀರಿ. ಬೈಕಂಪಾಡಿಯಲ್ಲಿ ಸ್ಟೀಲ್ ಫ್ಯಾಬ್ರಿಕೇಶನ್ ಕೆಲಸ ನಡೆಸುತ್ತಾ ಕ್ಯಾಂಟೀನು, ಹಾಸ್ಟೆಲ್, ಸಭಾಭವನಗಳಿಗೆ ಹಲವು ವರ್ಷ ಮೇಜು-ಬೆಂಚು ಮಾಡಿಕೊಟ್ಟವನಾದ್ದರಿಂದ ಅನುಭವದಿಂದಲೇ ಉತ್ತರಿಸುತ್ತೇನೆ. ತಪ್ಪುತ್ತದೆ, ಆದರೆ ಎತ್ತರದ ವಿಚಾರವನ್ನು ಸದ್ಯಕ್ಕೆ ಬದಿಗಿಟ್ಟು, ನಿಮ್ಮ ಸಾಮಾನು ನೆಲವನ್ನು ಎಷ್ಟು ಕಡೆ ಮುಟ್ಟುತ್ತದೆ ಎಂಬುದನ್ನು ಮೊದಲು ಎಣಿಸಿ ನೋಡಿ.

ನಾಲ್ವರು ಕೂರುವ ಮೇಜು ಎಂದಿಟ್ಟುಕೊಂಡರೆ ನಿಮ್ಮಲ್ಲಿ 30 ಮೇಜುಗಳಿವೆ, ಅವುಗಳ ಕಾಲು 120. ಕುರ್ಚಿ 120, ಅವುಗಳ ಕಾಲು 480. ಒಟ್ಟು 600 ಕಾಲುಗಳನ್ನು ಸುತ್ತಿಬಳಸಿ ವೈಪರ್ ಓಡಬೇಕು. ಕುರ್ಚಿಗಳನ್ನು ಎತ್ತಿ ಮೇಜಿನ ಮೇಲೆ ಕವುಚಿ ಹಾಕುವ ಪದ್ಧತಿ ಕೆಲವೆಡೆ ಇದೆ. ಒಂದು ಕುರ್ಚಿ ನಾಲ್ಕೂವರೆ ಕಿಲೋ ಇದ್ದರೆ ಒಂದು ಪಂಕ್ತಿಗೆ 540 ಕಿಲೋ ಎತ್ತಿ, ಮತ್ತೆ ಅಷ್ಟನ್ನೂ ಇಳಿಸಬೇಕು. ಮೂರು ಪಂಕ್ತಿಗೆ ಆ ಇಬ್ಬರ ಬೆನ್ನಿನ ಮೇಲೆ ಬೀಳುವ ಭಾರವನ್ನು ನೀವೇ ಲೆಕ್ಕ ಹಾಕಿ. ಅಷ್ಟೇ ಸಾಲದೆಂಬಂತೆ, ಜನ ಕೂತೆದ್ದ ಹಲಗೆ ಈಗ ತಾನೇ ಒರೆಸಿದ, ಎಲೆ ಹಾಕಬೇಕಾದ ಮೇಜನ್ನು ಮುಟ್ಟುತ್ತದೆ ಮತ್ತು ಕಾಲುಗಳಿಗೆ ಅಂಟಿದ ನೆಲದ ಕೊಳೆ ಅದೇ ಮೇಜಿನ ಮೇಲೆ ಉದುರುತ್ತದೆ. ಊಟದ ಜಾಗಕ್ಕೆ ಇದು ಸಲ್ಲದ ಪದ್ಧತಿ ಎಂಬುದು ನನ್ನ ಖಚಿತವಾದ ಅಭಿಪ್ರಾಯ.

ಹಿಂದೆ ನಮ್ಮ ಮನೆಗಳಲ್ಲಿ ಊಟಕ್ಕೆಂದು ಇದ್ದ ಪೀಠೋಪಕರಣ ಮಣೆ ಒಂದೇ. ಉಂಡು ಎದ್ದೊಡನೆ ಎಲೆ ತೆಗೆದು, ಮಣೆಯನ್ನು ಗೋಡೆಗೆ ಒರಗಿಸಿಟ್ಟರೆ ನೆಲವೆಲ್ಲ ಬಯಲು. ಎಂಜಲು ಬಳಿದು ಗೋಮಯ ಹಾಕಲು ಯಾವ ಅಡ್ಡಿಯೂ ಇರುತ್ತಿರಲಿಲ್ಲ. ಶ್ರೀಕೃಷ್ಣ ಮಠದಲ್ಲಿ ನೆಲದ ಮೇಲೆ ಪಂಕ್ತಿ ಕೂರಿಸಿ ಬಡಿಸುವಾಗಲೂ ಇದೇ ಅನುಕೂಲ ಕಾಣುತ್ತದೆ: ಎಲೆಗಳು ಹೋದ ಮೇಲೆ ಆ ನೆಲದಲ್ಲಿ ನಿಂತ ವಸ್ತು ಒಂದೂ ಇರುವುದಿಲ್ಲವಾದ್ದರಿಂದ, ನೀರು ಹಾಕಿ ಈ ತುದಿಯಿಂದ ಆ ತುದಿಗೆ ಒಂದೇ ಎಳೆತದಲ್ಲಿ ನೆಲವನ್ನು ಸ್ವಚ್ಛ ಮಾಡಬಹುದು. ಮಂಡಿನೋವಿನವರಿಗೂ ವಯಸ್ಸಾದವರಿಗೂ ನೆಲದಲ್ಲಿ ಕೂರಲು ಆಗದು ಎಂಬ ಕಾರಣಕ್ಕೆ ಮೇಜು ಬಂತು, ಬರಬೇಕಾದದ್ದೇ. ಆದರೆ ಮೇಜಿನ ಜೊತೆಗೆ ಆ ಬಯಲು ನೆಲವೂ ಉಳಿಯಬೇಕಾದರೆ ಆಸನಗಳು ನೆಲಕ್ಕೆ ಕಾಲೂರದೆ ಮೇಜಿನಿಂದಲೇ ತೂಗುವಂತಿರಬೇಕು.

ಹಾಗಾಗಿ ನಾನು ಸೂಚಿಸುವ ವಿನ್ಯಾಸದಲ್ಲಿ ಪ್ರತಿ ಮೇಜಿಗೆ ನಡುವೆ ಒಂದೇ ಕಂಬ. 120 ಸೆಂಟಿಮೀಟರ್ ಉದ್ದ, 75 ಸೆಂಟಿಮೀಟರ್ ಅಗಲದ ಹಲಗೆ ಅದರ ಮೇಲೆ ಕೂರುತ್ತದೆ. ನೆಲದಿಂದ ಸುಮಾರು 35 ಸೆಂಟಿಮೀಟರ್ ಎತ್ತರದಲ್ಲಿ ಕಂಬದಿಂದ ನಾಲ್ಕು ತೋಳುಗಳು ಹೊರಟು, ಒಂದೊಂದರ ತುದಿಯಲ್ಲಿ 32 ಸೆಂಟಿಮೀಟರ್ ವ್ಯಾಸದ ದುಂಡು ಆಸನ, ನೆಲದಿಂದ 45 ಸೆಂಟಿಮೀಟರ್ ಮೇಲೆ. ಒಂದೇ ಬದಿಯ ಎರಡು ಆಸನಗಳ ನಡುಬಿಂದುಗಳು 60 ಸೆಂಟಿಮೀಟರ್ ದೂರ ಇರುವುದರಿಂದ ಅವುಗಳ ನಡುವೆ 28 ಸೆಂಟಿಮೀಟರ್ ಸಂದು ಸಿಗುತ್ತದೆ. ಈ ಸಂದು ಬಹಳ ಮುಖ್ಯವಾದದ್ದು: ವೈಪರಿನ ಕೋಲು ಅಲ್ಲಿ ಇಳಿದರೆ ಅದರ ತಲೆ ತೋಳುಗಳ ಅಡಿಯಲ್ಲಿ ಎಡಕ್ಕೂ ಬಲಕ್ಕೂ ತಡೆಯಿಲ್ಲದೆ ಓಡುತ್ತದೆ, ಒರೆಸುವವರು ಸೊಂಟ ಬಗ್ಗಿಸಬೇಕಾಗುವುದಿಲ್ಲ. 600 ಕಾಲುಗಳಿದ್ದ ನೆಲದಲ್ಲಿ ಈಗ 30 ಕಂಬಗಳು ಮಾತ್ರ.

ಇಲ್ಲಿ ಹೊಂದಿಸಬೇಕಾದ ಭಾಗವೆಂದರೆ ಆಸನ ಒಂದೇ. ಜನ ಕೂರುವಾಗ ಅದು ಹೊರಗೆ ಬರಬೇಕು, ಎದ್ದ ಮೇಲೆ ತಾನಾಗಿ ಮೇಜಿನ ಕಡೆಗೆ ಸರಿಯಬೇಕು. ಈ ಕೆಲಸಕ್ಕೆ ನಾನು ಮೊದಲು ಸ್ಪ್ರಿಂಗ್ ಬಳಸಿದ್ದೆ. ಒಂದು ಕಾಲೇಜು ಕ್ಯಾಂಟೀನಿಗೆ ಮಾಡಿಕೊಟ್ಟ ಆಸನಗಳಲ್ಲಿ ಆರು ತಿಂಗಳೊಳಗೆ ಅರ್ಧದಷ್ಟು ಸ್ಪ್ರಿಂಗ್‌ಗಳು ಉಪ್ಪು ಗಾಳಿಗೆ ತುಕ್ಕು ಹಿಡಿದು ಸತ್ತುಹೋದವು. ಉಳಿದವು ರಭಸದಿಂದ ಮಡಚಿಕೊಂಡು, ಒಬ್ಬ ಹುಡುಗನ ಬೆರಳು ಸಿಕ್ಕಿ ಉಗುರು ಕಪ್ಪಾಯಿತು. ಆ ತಪ್ಪು ಪೂರ್ತಿಯಾಗಿ ನನ್ನದೇ, ಅದನ್ನು ನಾನು ಮರೆತಿಲ್ಲ. ಆಮೇಲೆ ಸ್ಪ್ರಿಂಗ್ ಬಿಟ್ಟು, ಓರೆಯಾಗಿ ಕತ್ತರಿಸಿದ ಎರಡು ನೈಲಾನ್ ಬುಷ್‌ಗಳನ್ನು (ಕೀಲಿನಲ್ಲಿ ಕೂರುವ ಬಳೆಯಂಥ ತುಂಡುಗಳನ್ನು) ಒಂದರ ಮೇಲೊಂದು ಕೂರಿಸುವ ಕ್ರಮ ಹಿಡಿದೆ. ಆಸನವನ್ನು ಹೊರಗೆ ತಿರುಗಿಸಿದಾಗ ಮೇಲಿನ ಬುಷ್ ಕೆಳಗಿನದರ ಓರೆಯನ್ನು ಏರಿ ಆಸನ ಒಂದಿಷ್ಟು ಮೇಲೇಳುತ್ತದೆ. ಕೂತವರು ಎದ್ದಾಗ ತನ್ನದೇ ತೂಕಕ್ಕೆ ಆ ಓರೆಯಲ್ಲಿ ಜಾರಿ ನಿಧಾನವಾಗಿ ಹಿಂದಕ್ಕೆ ಬರುತ್ತದೆ. ಕೆಲವು ಬಾಗಿಲುಗಳು ತಮ್ಮಷ್ಟಕ್ಕೇ ಮುಚ್ಚಿಕೊಳ್ಳುವುದು ಇದೇ ಉಪಾಯದಿಂದ. ಸವೆದರೆ ಬದಲಿಸಬೇಕಾದದ್ದು ಬುಷ್ ಮಾತ್ರ. ಚಲಿಸುವ ಎರಡು ಭಾಗಗಳ ನಡುವಿನ ಸಂದು 8 ಮಿಲಿಮೀಟರಿಗಿಂತ ಕಡಿಮೆ ಇರಲಿ, ಇಲ್ಲವೇ 25 ಮಿಲಿಮೀಟರಿಗಿಂತ ಹೆಚ್ಚಿರಲಿ. ಅವೆರಡರ ನಡುವಿನ ಅಳತೆಯಲ್ಲಿಯೇ ಬೆರಳು ಸಿಕ್ಕಿಕೊಳ್ಳುವುದು.

ಎತ್ತರ ಹೊಂದಿಸುವ ಪೈಪಿನೊಳಗಿನ ಪೈಪನ್ನು ನಾನು ಸಾಮಾನ್ಯವಾಗಿ ಬೇಡವೆನ್ನುತ್ತೇನೆ. ಊಟದ ಮೇಜಿಗೆ 75 ಸೆಂಟಿಮೀಟರ್ ಎತ್ತರ ಬಹುತೇಕ ಎಲ್ಲರಿಗೂ ಆಗುತ್ತದೆ. ಸ್ಪ್ಯಾನರ್ ಹಿಡಿದು ಸಡಿಲಿಸಬೇಕಾದ ಯಾವ ಹೊಂದಾಣಿಕೆಯನ್ನೂ ಪಂಕ್ತಿಯ ಗಡಿಬಿಡಿಯಲ್ಲಿ ಯಾರೂ ಮಾಡುವುದಿಲ್ಲ. ಎತ್ತರ ಹೊಂದಿಸಲೆಂದು ಪೈಪಿನಲ್ಲಿ ಕೊರೆದ ತೂತುಗಳಲ್ಲಿ ಮಜ್ಜಿಗೆ, ಪಾಯಸ ಇಳಿದು ಜಿರಳೆಗೆ ಮನೆಯಾಗುತ್ತದೆ. ಬೇಕೇ ಬೇಕೆಂದಾದರೆ ದೊಡ್ಡ ಪೈಪು ಮೇಲಿನಿಂದ ಚಿಕ್ಕ ಪೈಪಿನ ಮೇಲೆ ಕವುಚುವಂತೆ ಮಾಡಿಸಿ. ಮಾಡಿನ ಹಂಚುಗಳಲ್ಲಿ ಮೇಲಿನ ಸಾಲು ಕೆಳಗಿನದನ್ನು ಮುಚ್ಚಿಕೊಂಡಿರುವಂತೆ ಇದ್ದರೆ ಚೆಲ್ಲಿದ್ದು ಒಳಗೆ ಇಳಿಯದೆ ಹೊರಗೇ ಹರಿದುಹೋಗುತ್ತದೆ. ಗಾಲಿಕುರ್ಚಿಯಲ್ಲಿ ಬರುವವರಿಗಾಗಿ ಪ್ರತಿ ಸಾಲಿನ ತುದಿಯ ಮೇಜಿನಲ್ಲಿ ಒಂದು ಬದಿಯ ತೋಳುಗಳನ್ನೇ ಹಾಕದೆ ಬಿಡಿ, ಹಲಗೆಯ ಅಡಿಯಲ್ಲಿ 70 ಸೆಂಟಿಮೀಟರ್ ತೆರವು ಉಳಿಯಲಿ. ಬೆನ್ನು ಒರಗಲು ಆಸರೆಯಿಲ್ಲದ ದುಂಡು ಆಸನ ತೀರಾ ವಯಸ್ಸಾದವರಿಗೆ ಕಷ್ಟವಾಗುತ್ತದೆ ಎಂಬುದನ್ನೂ ಒಪ್ಪಿಕೊಳ್ಳಬೇಕು. ಕೈತೊಳೆಯುವ ಜಾಗಕ್ಕೆ ಹತ್ತಿರದ ಮೂಲೆಯಲ್ಲಿ ಇಪ್ಪತ್ತು ಮಂದಿಗಾದರೂ ಸಾಮಾನ್ಯ ಕುರ್ಚಿಗಳಿರಲಿ. ಅಷ್ಟು ಕುರ್ಚಿಗಳನ್ನು ಸರಿಸಿ ಒರೆಸುವುದು ಇಬ್ಬರಿಗೆ ಭಾರವಾಗದು.

ಒಂಟಿ ಕಂಬದ ಮೇಜಿನಲ್ಲಿ ಮುಖ್ಯ ಅಪಾಯ ಉರುಳುವುದು. ನಾಲ್ವರೂ ಕೂತಾಗ ಭಾರ ಸರಿದೂಗುತ್ತದೆ. ಒಬ್ಬರೇ ಕೂತಾಗ ದೂಗುವುದಿಲ್ಲ. 100 ಕಿಲೋ ತೂಕದ ಒಬ್ಬರು ಕಂಬದಿಂದ ಸುಮಾರು 60 ಸೆಂಟಿಮೀಟರ್ ದೂರದ ಆಸನದಲ್ಲಿ ಕೂತರೆ, ಕಂಬದ ಬುಡದಲ್ಲಿ 20 ಸೆಂಟಿಮೀಟರ್ ಅಂತರದ ಬೋಲ್ಟುಗಳಿದ್ದಲ್ಲಿ ಹಿಂದಿನ ಜೋಡಿಯನ್ನು ಮೇಲಕ್ಕೆ ಕೀಳುವ ಬಲ ಸರಿಸುಮಾರು 300 ಕಿಲೋ ಆಗುತ್ತದೆ. ಆದ್ದರಿಂದ ಬೋಲ್ಟು ಟೈಲ್ಸ್ ಮತ್ತು ಅದರ ಕೆಳಗಿನ ಸಿಮೆಂಟು ಗಾರೆಯಲ್ಲಿ ನಿಂತರೆ ಸಾಲದು, ಕಾಂಕ್ರೀಟನ್ನೇ ಹಿಡಿಯಬೇಕು. ಭೋಜನಶಾಲೆ ಮಹಡಿಯ ಮೇಲಿದ್ದರೆ ಕಟ್ಟಡದ ಎಂಜಿನಿಯರನ್ನು ಕೇಳದೆ ಒಂದು ತೂತೂ ಕೊರೆಯಬೇಡಿ. ಸ್ಲ್ಯಾಬಿನ ದಪ್ಪ, ಒಳಗಿನ ಕಬ್ಬಿಣ, ನೀರು ಸೋರದ ಲೇಪ ಇವೆಲ್ಲವೂ ಅಲ್ಲಿ ಪ್ರಶ್ನೆಗೆ ಬರುತ್ತವೆ. ಬೋಲ್ಟು ಬಿಗಿದ ಮೇಲೆ ಬೇಸ್ ಪ್ಲೇಟಿನ, ಅಂದರೆ ಕಂಬದ ಬುಡದ ಲೋಹದ ತಟ್ಟೆಯ ಸುತ್ತ ಇಳಿಜಾರಾಗಿ ಗಾರೆ ಬಳಿದು ನುಣುಪು ಮಾಡಿಸಿ. ಬೋಲ್ಟಿನ ತಲೆಗಳು ತೆರೆದಿದ್ದರೆ ಅವುಗಳ ಸುತ್ತ ಸೇರಿದ ಅಗುಳನ್ನು ತೆಗೆಯಲು ಯಾವ ಮಾಪಿನಿಂದಲೂ ಆಗುವುದಿಲ್ಲ.

ಗೋಡೆಯ ಬದಿಯಲ್ಲಿ ಮಡಚಿ ಇಳಿಬಿಡುವ ಮೇಜುಗಳ ಬಗ್ಗೆಯೂ ಕೇಳಿದ್ದೀರಿ. ಅವುಗಳಿಗೆ ಕಾಲೇ ಇಲ್ಲ, ಒರೆಸಲು ಅವುಗಳಷ್ಟು ಅನುಕೂಲ ಬೇರೆ ಯಾವುದಕ್ಕೂ ಇಲ್ಲ. ಆದರೆ ನಮ್ಮ ಕಡೆಯ ಹಳೆಯ ಕಟ್ಟಡಗಳ ಗೋಡೆ ಹೆಚ್ಚಾಗಿ ಮುರಕಲ್ಲಿನದು, ತೂತುತೂತಾದ ಕಲ್ಲು. ಸಾಮಾನ್ಯ ಆಂಕರ್ ಬೋಲ್ಟು ಅದರಲ್ಲಿ ಬಿಗಿಯಾಗಿ ಕೂರುವುದಿಲ್ಲ. 60 ಸೆಂಟಿಮೀಟರ್ ಅಗಲದ ಮೇಜಿನ ಅಂಚಿಗೆ 80 ಕಿಲೋ ತೂಕದವರು ಕೈಯೂರಿ ಎದ್ದರೆ, ಮೇಲಿನ ಮತ್ತು ಕೆಳಗಿನ ಬೋಲ್ಟುಗಳ ನಡುವೆ 20 ಸೆಂಟಿಮೀಟರ್ ಇರುವಲ್ಲಿ ಮೇಲಿನ ಬೋಲ್ಟುಗಳ ಮೇಲೆ 240 ಕಿಲೋ ಎಳೆತ ಬೀಳುತ್ತದೆ. ಬೋಲ್ಟನ್ನು ಗೋಡೆಯ ಆಚೆ ಬದಿಗೆ ದಾಟಿಸಿ, ಅಲ್ಲಿ ಅಗಲವಾದ ಪಟ್ಟಿ ಕೊಟ್ಟು ಬಿಗಿಯಲು ಸಾಧ್ಯವಿದ್ದರೆ, ಇಲ್ಲವೇ ಕಾಂಕ್ರೀಟ್ ಕಂಬ ಸಿಕ್ಕಿದರೆ ಮಾತ್ರ ಇದಕ್ಕೆ ಕೈಹಾಕಿ.

ಲೋಹದ ಆಯ್ಕೆಯಲ್ಲಿ ಉಳಿತಾಯ ನೋಡಬೇಡಿ ಎಂದು ಒತ್ತಾಯಪೂರ್ವಕವಾಗಿ ಹೇಳುತ್ತೇನೆ. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ. ಒದ್ದೆ ಕಾಲುಗಳ ಕೆಂಪು ಮಣ್ಣು, ಸಮುದ್ರದ ಉಪ್ಪು, ದಿನಕ್ಕೆ ಮೂರು ಸಲ ನೆಲ ತೊಳೆಯುವ ನೀರು ಇವೆಲ್ಲ ಸೇರಿ ಪೌಡರ್ ಕೋಟಿಂಗ್ ಮಾಡಿದ ಸಾದಾ ಕಬ್ಬಿಣವನ್ನು ಬುಡದಿಂದಲೇ ತಿನ್ನುತ್ತವೆ. 202 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಅಗ್ಗ, ಅದರಲ್ಲಿ ನಿಕ್ಕಲ್ ಕಡಿಮೆ, ಇಲ್ಲಿ ಅದು ಬೇಗ ಕಲೆಗಟ್ಟುತ್ತದೆ. ಸುಮಾರು 18 ಶೇಕಡಾ ಕ್ರೋಮಿಯಂ, 8 ಶೇಕಡಾ ನಿಕ್ಕಲ್ ಇರುವ 304 ನಿಮ್ಮ ಕೆಲಸಕ್ಕೆ ಸಾಕು. ಕಟ್ಟಡ ಮಲ್ಪೆಯಂತೆ ಕಡಲಿನ ಮಗ್ಗುಲಲ್ಲೇ ಇದ್ದರೆ ಕಂಬದ ಬುಡಕ್ಕಾದರೂ ಮಾಲಿಬ್ಡಿನಂ ಸೇರಿದ 316 ಹಾಕಿಸಿ. ಜೋಡಣೆಗಳೆಲ್ಲ ಆರ್ಗಾನ್ ವೆಲ್ಡಿಂಗ್ ಆಗಿರಲಿ, ಪೈಪಿನ ಬಾಯಿಗಳೆಲ್ಲ ಬೆಸೆದು ಮುಚ್ಚಿರಲಿ. ಒರೆಸುವವರಿಗೆ ಆಸಿಡ್ ಮತ್ತು ಬ್ಲೀಚಿಂಗ್ ಪೌಡರ್ ಕೊಡುವ ರೂಢಿ ಇದ್ದರೆ ಅದನ್ನು ನಿಲ್ಲಿಸಬೇಕು, ಏಕೆಂದರೆ ಅವುಗಳಲ್ಲಿನ ಕ್ಲೋರೈಡ್ ಎಂಥ ಒಳ್ಳೆಯ ಸ್ಟೇನ್‌ಲೆಸ್ ಸ್ಟೀಲಿನಲ್ಲೂ ಚಿಕ್ಕ ಚಿಕ್ಕ ಕುಳಿಗಳನ್ನು ಮಾಡುತ್ತದೆ. ಸಾಬೂನು ನೀರು, ಆಮೇಲೆ ಶುದ್ಧ ನೀರು ಸಾಕು.

ಹಲಗೆಗೆ ಗ್ರಾನೈಟ್ ನಮ್ಮ ಹೋಟೆಲುಗಳಲ್ಲಿ ರೂಢಿ, ಒರೆಸಲು ಬಹಳ ಒಳ್ಳೆಯದು. ಮೇಲೆ ಹೇಳಿದ ಅಳತೆಯ, 18 ಮಿಲಿಮೀಟರ್ ದಪ್ಪದ ಗ್ರಾನೈಟ್ 44 ಕಿಲೋ ತೂಗುತ್ತದೆ. ಮೇಜು ಒಂದೇ ಕಡೆ ನಿಲ್ಲುವುದಾದರೆ ಆ ತೂಕ ತೊಂದರೆಯಲ್ಲ. ಹಗುರ ಬೇಕೆಂದರೆ 12 ಮಿಲಿಮೀಟರಿನ ಕಾಂಪ್ಯಾಕ್ಟ್ ಲ್ಯಾಮಿನೇಟ್ (ರಾಳದಲ್ಲಿ ನೆನೆಸಿದ ಕಾಗದದ ಪದರಗಳನ್ನು ಒತ್ತಿ ಮಾಡಿದ ಗಟ್ಟಿ ಹಲಗೆ) ಸುಮಾರು 15 ಕಿಲೋ. ಪ್ಲೈವುಡ್ ಬೇಡ, ಅಂಚಿನಿಂದ ನೀರು ಕುಡಿದು ಎರಡೇ ಮಳೆಗಾಲದಲ್ಲಿ ಉಬ್ಬುತ್ತದೆ.

ನೆಲದ ಇಳಿಜಾರನ್ನೂ ಈಗಲೇ ನೋಡಿಕೊಳ್ಳಿ. ನೀರು ತಾನಾಗಿ ಮೋರಿಗೆ ಹೋಗಬೇಕಾದರೆ ಮೀಟರಿಗೆ 10 ಮಿಲಿಮೀಟರಿನಷ್ಟು ಇಳಿಜಾರು ಬೇಕಾಗುತ್ತದೆ. ಆಗ 120 ಸೆಂಟಿಮೀಟರ್ ಉದ್ದದ ಮೇಜಿನ ಎರಡು ತುದಿಗಳ ಅಡಿಯಲ್ಲಿ ನೆಲ 12 ಮಿಲಿಮೀಟರ್ ಹೆಚ್ಚುಕಡಿಮೆ ಇರುತ್ತದೆ. ಕೂರುವವರ ಗಮನಕ್ಕೆ ಅದು ಬಾರದು, ಆದರೆ ಹಲಗೆಯೂ ಅಷ್ಟೇ ವಾಲಿದರೆ ಎಲೆಯ ಮೇಲಿನ ಸಾರು ಹರಿದುಹೋಗುತ್ತದೆ. ಕಂಬವನ್ನು ತೂಗುಗುಂಡು ಹಿಡಿದು ನೇರ ನಿಲ್ಲಿಸಿ, ವ್ಯತ್ಯಾಸವನ್ನೆಲ್ಲ ಬೇಸ್ ಪ್ಲೇಟಿನ ಅಡಿಯಲ್ಲೇ ಸರಿಪಡಿಸಬೇಕು.

ಉತ್ಸವದ ದಿನ ಅದೇ ಹಾಲಿನಲ್ಲಿ ನೆಲದ ಮೇಲೆ ಎಲೆ ಹಾಕಿ ಬಡಿಸುವ ಕ್ರಮ ನಿಮ್ಮಲ್ಲಿದೆಯೇ ಎಂದು ನೀವು ಬರೆದಿಲ್ಲ. ಇದ್ದರೆ ಇಡೀ ಹಾಲಿಗೆ ಕಂಬ ನೆಡಬಾರದು. ಗೋಡೆಗಳ ಉದ್ದಕ್ಕೂ ಎರಡು ಸಾಲು ಸ್ಥಿರವಾಗಿರಲಿ, ನಡುವಿನ ಜಾಗಕ್ಕೆ ಮಡಚಿ ಒಳಗಿಡುವ ಮೇಜು-ಬೆಂಚು ಇರಲಿ. ಆ ಮೇಜುಗಳಿಗೆ ನಾಲ್ಕೂ ಕಾಲಿಗೆ ಚಕ್ರ ಹಾಕಿಸುವ ಬದಲು ಒಂದು ಬದಿಯ ಎರಡು ಕಾಲಿಗೆ ಮಾತ್ರ ಹಾಕಿಸಿ, ಇನ್ನೊಂದು ಬದಿಯನ್ನು ಎತ್ತಿ ಕೈಗಾಡಿಯಂತೆ ತಳ್ಳಬಹುದು. ಚಕ್ರಕ್ಕೆ ಕೂದಲು, ನೂಲು ಸುತ್ತಿಕೊಳ್ಳುವುದರಿಂದ ಅವು ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು.

ಎಲ್ಲಕ್ಕಿಂತ ಮೊದಲು ಒಂದೇ ಒಂದು ಮೇಜು ಮಾಡಿಸಿ, ಕೈತೊಳೆಯುವಲ್ಲಿಗೆ ಹೋಗುವ ದಾರಿಯಲ್ಲಿ, ನೆಲ ಸದಾ ಒದ್ದೆಯಿರುವ ಜಾಗದಲ್ಲಿ ನಿಲ್ಲಿಸಿ, ಜೂನ್ ಮತ್ತು ಜುಲೈ ಕಳೆಯಲಿ. ಆ ಎರಡು ತಿಂಗಳು ಆಡಳಿತ ಮಂಡಳಿಯವರು ಅದರ ಬಗ್ಗೆ ಏನೆನ್ನುತ್ತಾರೆ ಎಂಬುದಕ್ಕಿಂತ, ಒರೆಸುವ ಆ ಇಬ್ಬರು ಅಕ್ಕಂದಿರ ಕೈ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಗಮನಿಸಿ. ಆಸನವನ್ನು ಅವರು ಮೊಣಕಾಲಿನಿಂದ ತಳ್ಳುತ್ತಾರೆಯೇ, ಕೋಲಿನಿಂದಲೇ ಸರಿಸುತ್ತಾರೆಯೇ, ಎಲ್ಲಿ ಬಗ್ಗುತ್ತಾರೆ, ಯಾವ ಮೂಲೆಗೆ ಮಾಪು ಬಿಟ್ಟು ಹಿಡಿಸೂಡಿ ತರುತ್ತಾರೆ ಎಂದು ಬರೆದಿಟ್ಟುಕೊಂಡು, ಆ ಟಿಪ್ಪಣಿಯೊಂದಿಗೆ ಫ್ಯಾಬ್ರಿಕೇಟರ್ ಬಳಿಗೆ ಹೋಗಿ ಉಳಿದ 29 ಮೇಜುಗಳ ಅಳತೆ ಕೊಡಿ.