ಮದ್ದಿನ ಕಲ್ಲೂ ಕಣಜದ ಬೀಗವೂ

ಮಾನ್ಯರೇ,

ಅಮೆರಿಕದ ಅಧ್ಯಕ್ಷರೂ ಸೇನೆಯ ಮಹಾದಂಡನಾಯಕರೇ, ಮದಕರಿ ನಾಯಕನೂ ತನ್ನ ಸೇನೆಗೆ ಒಡೆಯನೇ; ಹಾಗಿದ್ದ ಮೇಲೆ ಯುದ್ಧದ ಮಾತಿನಲ್ಲಿ ಅಧ್ಯಕ್ಷರಿಗೂ ಅರಸನಿಗೂ ಏನು ಅಂತರ ಎಂದು ಚಿತ್ರದುರ್ಗದಿಂದ ಕೇಳಿದ್ದೀರಿ. ನಡೆಯುತ್ತಿರುವ ಯುದ್ಧದಲ್ಲಿ ಸೇನೆಗೆ ಅಪ್ಪಣೆ ಕೊಡುವ ಮಟ್ಟಿಗೆ ಅಂತರ ಹೆಚ್ಚಿಲ್ಲ. ಯುದ್ಧ ಹೂಡುವವರು ಯಾರು, ಅದರ ಖರ್ಚಿಗೆ ಹಣ ಕೊಡುವವರು ಯಾರು ಎಂದು ಕೇಳಿದಾಗ ಅಂತರ ಕಾಣುತ್ತದೆ.

ನಿಮ್ಮೂರ ಕೋಟೆಯಲ್ಲಿ ಸಿಡಿಮದ್ದು ಬೀಸುತ್ತಿದ್ದ ಭಾರಿ ದುಂಡುಕಲ್ಲುಗಳು ಇಂದಿಗೂ ಇವೆ. ಅಲ್ಲಿ ಮದ್ದು ಬೀಸಿಸುತ್ತಿದ್ದವನೂ, ಕಂದಾಯ ಎತ್ತಿ ಕಣಜ ತುಂಬಿಸುತ್ತಿದ್ದವನೂ, ಯಾರ ಮೇಲೆ ದಂಡೆತ್ತಬೇಕೆಂದು ನಿಶ್ಚಯಿಸುತ್ತಿದ್ದವನೂ ಒಬ್ಬನೇ ಪಾಳೆಯಗಾರ. ಹತ್ತಿರದವರು ಬುದ್ಧಿ ಹೇಳಬಹುದಿತ್ತು, ಕಣಜಕ್ಕೆ ಬೀಗ ಹಾಕುವಂತಿರಲಿಲ್ಲ.

ದುರ್ಗ 1779ರಲ್ಲಿ ಹೈದರಾಲಿಯ ವಶವಾಯಿತು. ಅದಾಗಿ ಎಂಟೇ ವರ್ಷಕ್ಕೆ, 1787ರಲ್ಲಿ, ಫಿಲಡೆಲ್ಫಿಯಾದಲ್ಲಿ ಅಮೆರಿಕದ ಸಂವಿಧಾನ ಬರೆಯಲು ಕುಳಿತವರು ಈ ಕೆಲಸಗಳನ್ನು ಒಂದೇ ಕೈಯಲ್ಲಿ ಉಳಿಸಲಿಲ್ಲ. ಯುದ್ಧ ಘೋಷಿಸುವ, ಸೇನೆ ಕಟ್ಟುವ ಅಧಿಕಾರವನ್ನು ಅಲ್ಲಿನ ಸಂಸತ್ತಾದ ಕಾಂಗ್ರೆಸ್ಸಿಗೆ ಕೊಟ್ಟು, ಸೇನೆಗೆ ಎರಡು ವರ್ಷಕ್ಕಿಂತ ಹೆಚ್ಚಿನ ಅವಧಿಗೆ ಒಮ್ಮೆಲೇ ಹಣ ಮಂಜೂರು ಮಾಡಕೂಡದೆಂದೂ ಬರೆದರು. ಕರಡಿನಲ್ಲಿ ಯುದ್ಧ ‘ಮಾಡುವ’ ಅಧಿಕಾರ ಎಂದಿದ್ದುದನ್ನು ‘ಘೋಷಿಸುವ’ ಎಂದು ತಿದ್ದಿದ್ದು, ಶತ್ರು ಏಕಾಏಕಿ ಮೇಲೆರಗಿದರೆ ಅಧ್ಯಕ್ಷರು ಕೈಕಟ್ಟಿ ಕೂರಬೇಕಾಗದಿರಲಿ ಎಂದು. ಬ್ರಿಟನ್ನಿನ ದೊರೆಗಾದರೋ ಯುದ್ಧ ಘೋಷಿಸುವ ಹಕ್ಕೂ ಇತ್ತು ಎಂಬ ಅಂತರವನ್ನು, ಸಂವಿಧಾನ ಬರೆಯಲು ಕುಳಿತವರಲ್ಲಿ ಒಬ್ಬರಾದ ಅಲೆಕ್ಸಾಂಡರ್ ಹ್ಯಾಮಿಲ್ಟನ್ 1788ರಲ್ಲೇ ಎತ್ತಿ ತೋರಿಸಿದರು. (ಆ ದೊರೆಯೂ ಪೂರಾ ಸ್ವತಂತ್ರನಲ್ಲ; ಪಾರ್ಲಿಮೆಂಟಿನ ಒಪ್ಪಿಗೆಯಿಲ್ಲದೆ ಶಾಂತಿಕಾಲದಲ್ಲಿ ಸೇನೆ ಇಡುವುದನ್ನು 1689ರ ಕಾನೂನು ನಿಷೇಧಿಸಿತ್ತು.) ನಮ್ಮ ರಾಷ್ಟ್ರಪತಿಗಳೂ ಮೂರೂ ಸೇನೆಗಳ ಮಹಾದಂಡನಾಯಕರು, ಆದರೆ ಅವರು ಮಂತ್ರಿಮಂಡಲದ ಸಲಹೆಯಂತೆ ನಡೆಯಬೇಕು.

ಬರೆದದ್ದು ಬರೆದಂತೆ ನಡೆದಿಲ್ಲ ಎಂಬ ನಿಮ್ಮ ಅನುಮಾನ ಸರಿಯಾಗಿದೆ, ನನ್ನ ಆತಂಕವೂ ಅದೇ. ಅಮೆರಿಕದ ಕಾಂಗ್ರೆಸ್ ವಿಧಿವತ್ತಾಗಿ ಯುದ್ಧ ಘೋಷಿಸಿದ್ದು 1942ರಲ್ಲೇ ಕೊನೆ. 1950ರಲ್ಲಿ ಅಧ್ಯಕ್ಷ ಟ್ರೂಮನ್ ಘೋಷಣೆಯಿಲ್ಲದೆಯೇ ಕೊರಿಯಾಕ್ಕೆ ಸೇನೆ ಕಳುಹಿಸಿದರು. ವಿಯೆಟ್ನಾಂ ಯುದ್ಧ ಕಾಂಗ್ರೆಸ್ಸಿನ 1964ರ ಒಂದು ನಿರ್ಣಯದ ಬಲದ ಮೇಲೆ ವರ್ಷಗಟ್ಟಲೆ ಬೆಳೆಯಿತು. ಸೇನೆಯನ್ನು ಕದನಕ್ಕಿಳಿಸಿದ 48 ಗಂಟೆಗಳೊಳಗೆ ಅಧ್ಯಕ್ಷರು ವರದಿ ಕೊಡಬೇಕು, ಒಪ್ಪಿಗೆ ಸಿಗದಿದ್ದರೆ 60 ದಿನಗಳಲ್ಲಿ ಕದನ ನಿಲ್ಲಿಸಬೇಕು ಎಂಬ ಕಾನೂನನ್ನು ಕಾಂಗ್ರೆಸ್ 1973ರಲ್ಲಿ ಅಧ್ಯಕ್ಷ ನಿಕ್ಸನ್ನರ ನಿರಾಕರಣೆಯನ್ನೂ ಮೀರಿ ತಂದಿತಾದರೂ, ಆಮೇಲಿನ ಅಧ್ಯಕ್ಷರು ಅದಕ್ಕೆ ಪೂರ್ತಿ ತಲೆಬಾಗಿದ್ದಿಲ್ಲ.

ಹಣದ ಬೀಗ ಮಾತ್ರ ಕೆಲಸ ಮಾಡಿದೆ. ಕಾಂಬೋಡಿಯದ ಮೇಲೆ ಬಾಂಬ್ ಹಾಕಲು ಇನ್ನು ಹಣವಿಲ್ಲ ಎಂದು ಅದೇ ವರ್ಷ ಕಾಂಗ್ರೆಸ್ ಕಾನೂನು ಮಾಡಿತು. ಇಷ್ಟವಿಲ್ಲದಿದ್ದರೂ ನಿಕ್ಸನ್ ಸಹಿ ಹಾಕಿದರು, ಆಗಸ್ಟ್ 15ಕ್ಕೆ ದಾಳಿ ನಿಂತಿತು.

— ಸಂಪಾದಕ, ದಾವಣಗೆರೆ