ಪಿಒದಲ್ಲಿ (ಪರ್ಚೇಸ್ ಆರ್ಡರ್, ಖರೀದಿ ಆದೇಶ) 60 ದಿನ ಎಂದು ಬರೆದಿದ್ದರೂ ತಡವಾದ ಬಿಲ್ಲಿಗೆ ಬಡ್ಡಿ ಕೇಳಬಹುದೇ?

ನಿಮ್ಮದು ಪೀಣ್ಯದ ಸಣ್ಣ ಮಷೀನ್ ಶಾಪ್, ಮಾಲು ಹೋಗಿದ್ದು ಪುಣೆಯ ಕಂಪನಿಗೆ, 5 ಲಕ್ಷದ ಬಿಲ್ಲು ತಿಂಗಳುಗಟ್ಟಲೆ ಬಾಕಿ. ಬಡ್ಡಿ, ಪರಿಹಾರ ಎರಡೂ ಸಿಗುತ್ತವೆಯೇ ಎಂದು ಕೇಳಿದ್ದೀರಿ.

ಬಡ್ಡಿ ಕೇಳಬಹುದು. ಪ್ರತ್ಯೇಕ ಪರಿಹಾರ ನಮ್ಮಲ್ಲಿಲ್ಲ. ಬ್ರಿಟನ್ನಿನಲ್ಲಿ ಬಿಲ್ಲಿನ ಗಾತ್ರ ನೋಡಿ 40, 70 ಅಥವಾ 100 ಪೌಂಡ್ ನಿಗದಿತ ಪರಿಹಾರವಿದೆ. ನಮ್ಮ ಸಣ್ಣ ಉದ್ದಿಮೆಗಳ ಕಾಯ್ದೆ, ಅಂದರೆ 2006ರ ಎಂಎಸ್‌ಎಂಇಡಿ ಕಾಯ್ದೆಯಲ್ಲಿರುವುದು ಬಡ್ಡಿ ಮಾತ್ರ. ಆದರೆ ಅದೇ ಸಾಕಷ್ಟು ಭಾರಿ: ಆರ್‌ಬಿಐ ಬ್ಯಾಂಕ್ ದರದ ಮೂರು ಪಟ್ಟು, ಅದೂ ತಿಂಗಳಿಗೊಮ್ಮೆ ಅಸಲಿಗೆ ಸೇರುವ ಚಕ್ರಬಡ್ಡಿ. ರೆಪೋ ದರ ಹಿಡಿದು ಲೆಕ್ಕ ಹಾಕಬೇಡಿ, ಅದು ಬೇರೆ, ಕಡಿಮೆ.

ಪಿಒದಲ್ಲಿ 60 ಅಲ್ಲ, 90 ದಿನ ಎಂದು ಬರೆದಿದ್ದರೂ ಕಾಯ್ದೆ ಒಪ್ಪುವುದು ಮಾಲು ಸ್ವೀಕರಿಸಿದ ದಿನದಿಂದ 45 ದಿನ ಮಾತ್ರ. ಲಿಖಿತ ಒಪ್ಪಂದವೇ ಇಲ್ಲದಿದ್ದರೆ 15 ದಿನ. ಉದಾಹರಣೆಗೆ 2024ರ ಜನವರಿ 10ಕ್ಕೆ ಮಾಲು ತಲುಪಿದೆ ಎನ್ನಿ. ಫೆಬ್ರವರಿ 24ಕ್ಕೆ ಗಡುವು ಮುಗಿಯಿತು, 25ರಿಂದ ಬಡ್ಡಿ ಶುರು. ಆಗಿನ ಬ್ಯಾಂಕ್ ದರ ಶೇ. 6.75, ಅದರ ಮೂರು ಪಟ್ಟು ಶೇ. 20.25, ತಿಂಗಳಿಗೆ ಶೇ. 1.6875. ಆರು ತಿಂಗಳಿಗೆ 5 ಲಕ್ಷದ ಮೇಲೆ ಸುಮಾರು 52,809 ರೂಪಾಯಿ. ಆ ನಂತರ ದರ ಇಳಿದಿದೆ. ನಿಮ್ಮ ಅವಧಿಯಲ್ಲಿ ದರ ಬದಲಾದ ದಿನಾಂಕಗಳನ್ನು ಎಕ್ಸೆಲ್ ಶೀಟಿನಲ್ಲಿ ಬೇರೆ ಸಾಲಾಗಿ ತೋರಿಸಿ.

ಲೆಕ್ಕ ಸುಲಭ. ಕೇಸು ಬೀಳುವುದು ದಿನಾಂಕಗಳಲ್ಲಿ.

ಮೊದಲನೆಯದು ಉದ್ಯಮ್ ನೋಂದಣಿಯ (ಸಣ್ಣ ಉದ್ದಿಮೆಯೆಂದು ಸರ್ಕಾರದಲ್ಲಿ ಮಾಡಿಸುವ ನೋಂದಣಿ) ದಿನಾಂಕ. ಪಿಒ ಬಂದ ಮೇಲೆ ನೋಂದಣಿ ಮಾಡಿಸಿದರೆ ಹಿಂದಿನ ವ್ಯವಹಾರಕ್ಕೆ ಲಾಭವಿಲ್ಲ ಎಂದು ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿತು. 2025ರ ಜನವರಿಯಲ್ಲಿ ನೋಂದಣಿಯ ಪ್ರಶ್ನೆ ದೊಡ್ಡ ಪೀಠಕ್ಕೆ ಹೋಗಿದೆ, ಆದರೆ ಆ ಭರವಸೆಯ ಮೇಲೆ ಕೂರಬೇಡಿ. ಅಂದಹಾಗೆ ಈ ಸೌಲಭ್ಯ ಮೈಕ್ರೋ ಮತ್ತು ಸ್ಮಾಲ್ ಘಟಕಗಳಿಗೆ ಮಾತ್ರ. ಮೀಡಿಯಂಗೆ ಇಲ್ಲ. ಬರೀ ಕೊಂಡು ಮಾರುವ ಟ್ರೇಡರ್‌ಗಳ ಉದ್ಯಮ್ ನೋಂದಣಿ ಆದ್ಯತಾ ವಲಯದ ಸಾಲಕ್ಕಷ್ಟೇ ಸೀಮಿತ.

ಎರಡನೆಯದು ಮಾಲು ತಲುಪಿದ ದಿನ. ತಲುಪಿದ 15 ದಿನದೊಳಗೆ ಅವರು ಬರವಣಿಗೆಯಲ್ಲಿ ಆಕ್ಷೇಪ ಎತ್ತದಿದ್ದರೆ ಸ್ವೀಕರಿಸಿದಂತೆಯೇ. ‘ಥ್ರೆಡ್ ಸರಿಯಿಲ್ಲ, ರಿಜೆಕ್ಟ್’ ಎಂದು ನಾಲ್ಕು ತಿಂಗಳ ಮೇಲೆ, ನಿಮ್ಮ ನೋಟಿಸ್ ಕೈಸೇರಿದ ಬಳಿಕ ಬರುವ ಮೇಲ್ ಇದನ್ನು ಅಳಿಸಲಾರದು. ಆದರೆ ನಿಮ್ಮ ಕೈಯಲ್ಲಿ ಪುರಾವೆ ಬೇಕು: ಅವರ ಗೇಟಿನ ಸೀಲು, ಸಹಿ, ದಿನಾಂಕ ಮೂರೂ ಇರುವ ಡೆಲಿವರಿ ಚಲನ್, ಇ-ವೇ ಬಿಲ್, ಎಲ್‌ಆರ್ (ಲಾರಿ ರಸೀದಿ) ಪ್ರತಿ, ಸಿಕ್ಕರೆ ಅವರ ಜಿಆರ್‌ಎನ್ (ಮಾಲು ಬಂದಿದೆ ಎಂದು ಅವರೇ ಮಾಡುವ ಚೀಟಿ). ಸೀಲಿದ್ದು ದಿನಾಂಕವಿಲ್ಲದ ಚಲನ್ ಅರ್ಧ ಪುರಾವೆ. ಇನ್‌ವಾಯ್ಸ್ ದಿನಾಂಕದಿಂದ ಬಡ್ಡಿ ಎಣಿಸುವುದು ಅತಿ ಸಾಮಾನ್ಯ ತಪ್ಪು. ಎದುರು ವಕೀಲರು ಮೊದಲು ಹಿಡಿಯುವುದೇ ಅದನ್ನು.

ಮೊದಲು ಶೀಟು ಲಗತ್ತಿಸಿ ಸ್ಪೀಡ್ ಪೋಸ್ಟ್ ಮತ್ತು ಇಮೇಲ್ ಎರಡರಲ್ಲೂ ಬೇಡಿಕೆ ಪತ್ರ ಕಳಿಸಿ. ಮಾರ್ಚ್ 31ರ ಮುಂಚೆ ಕಳಿಸಿದರೆ ಬಿಸಿ ಹೆಚ್ಚು: ಗಡುವು ಮೀರಿದ ಬಿಲ್ಲನ್ನು ಖರ್ಚೆಂದು ತೋರಿಸಿ ತೆರಿಗೆ ಉಳಿಸಲು ಅವರು ಅದೇ ಹಣಕಾಸು ವರ್ಷದಲ್ಲಿ ನಿಮಗೆ ದುಡ್ಡು ಕೊಟ್ಟಿರಬೇಕು, 1961ರ ಆದಾಯ ತೆರಿಗೆ ಕಾಯ್ದೆಗೆ 43ಬಿ(ಎಚ್) ನಿಯಮ ಬಂದಾಗಿನಿಂದ ಅಕೌಂಟ್ಸ್‌ನವರಿಗೆ ಇದು ಚೆನ್ನಾಗಿ ಗೊತ್ತು. ನಿಮಗೆ ಕೊಡುವ ಬಡ್ಡಿಯನ್ನಂತೂ ಅವರು ಖರ್ಚಿಗೆ ಹಾಕುವಂತೆಯೇ ಇಲ್ಲ.

ಅದಕ್ಕೂ ಜಗ್ಗದಿದ್ದರೆ ಎಂಎಸ್‌ಎಂಇ ಸಚಿವಾಲಯದ ಪೋರ್ಟಲ್ ಮೂಲಕ ಫೆಸಿಲಿಟೇಶನ್ ಕೌನ್ಸಿಲ್‌ಗೆ (ಇಂಥ ಬಾಕಿಯ ವ್ಯಾಜ್ಯ ಕೇಳುವ ಮಂಡಳಿ) ಅರ್ಜಿ. ಖರೀದಿದಾರ ಪುಣೆಯಲ್ಲಿದ್ದರೂ ಕೇಸು ಕರ್ನಾಟಕದ ಕೌನ್ಸಿಲ್ ಮುಂದೆಯೇ, ನೀವು ಅಲ್ಲಿಗೆ ಓಡಬೇಕಿಲ್ಲ. ಮೊದಲು ರಾಜಿ, ಆಗದಿದ್ದರೆ ಪಂಚಾಯ್ತಿಕೆ (ಆರ್ಬಿಟ್ರೇಶನ್). ಇದು 90 ದಿನದಲ್ಲಿ ಮುಗಿಯಬೇಕು ಎನ್ನುತ್ತದೆ ಕಾಯ್ದೆ. ಅದನ್ನು ನಂಬಿ ಇನ್ನೊಬ್ಬರಿಗೆ ಚೆಕ್ ಕೊಡಬೇಡಿ. ತೀರ್ಪು ನಿಮ್ಮ ಕಡೆಗಾದರೆ, ಅದನ್ನು ಪ್ರಶ್ನಿಸಲು ಅವರು ಶೇ. 75 ಮೊತ್ತ ಠೇವಣಿ ಇಡಬೇಕು. ನಿಜವಾದ ಹಲ್ಲು ಇಲ್ಲಿದೆ.

ಬಾಕಿ ಮೂರು ವರ್ಷ ದಾಟಲು ಬಿಡಬೇಡಿ. ಅಷ್ಟರೊಳಗೆ ಅವರ ಸಹಿಯಿರುವ ಬ್ಯಾಲೆನ್ಸ್ ಕನ್ಫರ್ಮೇಶನ್ (ಇಷ್ಟು ಬಾಕಿ ಇದೆ ಎಂದು ಒಪ್ಪುವ ಪತ್ರ) ಸಿಕ್ಕರೆ ಕಾಲಮಿತಿ ಆ ದಿನದಿಂದ ಹೊಸದಾಗಿ ಶುರುವಾಗುತ್ತದೆ. ಅಸಲು ಕೊಡುವಾಗ ‘ಫುಲ್ ಅಂಡ್ ಫೈನಲ್’ ಎಂಬ ಪತ್ರಕ್ಕೆ ಸಹಿ ಕೇಳುತ್ತಾರೆ; ಹಾಕಿದರೆ ಬಡ್ಡಿಯ ವಾದ ಬಹುತೇಕ ಮುಗಿದಂತೆ. ಇನ್ನು ಬಡ್ಡಿ ಕೈಗೆ ಬಂದ ತಿಂಗಳು ಅದರ ಮೇಲೂ ಜಿಎಸ್‌ಟಿ ಕಟ್ಟಬೇಕು, ಅದಕ್ಕೆ ಡೆಬಿಟ್ ನೋಟ್ (ಬಿಲ್ಲಿನ ಮೇಲಿನ ಹೆಚ್ಚುವರಿ ಮೊತ್ತದ ಚೀಟಿ) ಮಾಡಿಸಿ.