ಲಸಿಕೆ ಹಾಕಿಸಿದರೂ ಕಾಲುಬಾಯಿ ಜ್ವರ ಬಂದದ್ದೇಕೆ?

ಪ್ರಶ್ನೆ: ನಮ್ಮ ಮನೆಯ ಹಳೆಯ ಹಸು, ಮೂರು ತಿಂಗಳ ಹಿಂದೆ ಕೊಂಡು ತಂದ ಮಿಶ್ರತಳಿ ಹಸು ಮತ್ತು ಒಂದು ಕರು, ಮೂರಕ್ಕೂ ಕಾಲುಬಾಯಿ ಜ್ವರದ ಲಸಿಕೆ ಹಾಕಿಸಿದ್ದೆವು. ಪಕ್ಕದ ಮನೆಯವರು ಸಂತೆಯಿಂದ ಎತ್ತು ತಂದ ವಾರದಲ್ಲೇ ಹೊಸ ಹಸುವಿಗೂ ಕರುವಿಗೂ ರೋಗ ಬಂತು. ಹಾಗಾದರೆ ಲಸಿಕೆಯಿಂದ ಏನು ಪ್ರಯೋಜನ? ಹಾಲು ಕುಡಿಯಬಹುದೇ?
– ಓದುಗರು, ಶಿರಾ ತಾಲ್ಲೂಕು

ಉತ್ತರ: ದಯವಿಟ್ಟು ಲಸಿಕೆಯನ್ನು ಕೈಬಿಡಬೇಡಿ. ನಿಮ್ಮ ಹಳೆಯ ಹಸು ಆರೋಗ್ಯವಾಗಿಯೇ ಇದೆ ಎಂಬುದನ್ನು ಗಮನಿಸಿ. ಮೊದಲ ಬಾರಿ ಲಸಿಕೆ ಪಡೆಯುವ ರಾಸಿಗೆ ಸುಮಾರು ಒಂದು ತಿಂಗಳ ನಂತರ ಬಲವರ್ಧಕ ಲಸಿಕೆಯನ್ನೂ, ಆಮೇಲೆ ಆರು ತಿಂಗಳಿಗೊಮ್ಮೆ ಮತ್ತೆ ಲಸಿಕೆಯನ್ನೂ ಹಾಕಿಸಿದರೆ ಮಾತ್ರ ರಕ್ಷಣೆ ಗಟ್ಟಿಯಾಗುತ್ತದೆ; ಕರುವಿಗೂ, ಬಹುಶಃ ಹೊಸ ಹಸುವಿಗೂ ಆ ಎರಡನೆಯ ಚುಚ್ಚುಮದ್ದು ತಪ್ಪಿರಬೇಕು. ನಮ್ಮ ದೇಶದಲ್ಲಿ ಕಾಣುವ ಒ, ಎ ಮತ್ತು ಏಷ್ಯಾ-1 ಎಂಬ ಮೂರು ಬಗೆಯ ವೈರಾಣುಗಳಲ್ಲಿ ಒಂದರ ರಕ್ಷಣೆ ಇನ್ನೊಂದಕ್ಕೆ ಒದಗದ ಕಾರಣ ಮೂರನ್ನೂ ಒಂದೇ ಲಸಿಕೆಯಲ್ಲಿ ಸೇರಿಸಲಾಗಿದೆ. ಲಸಿಕೆಯನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಇಡದಿದ್ದರೆ ಅದರ ಶಕ್ತಿ ಕುಂದುತ್ತದೆ.

ರೋಗ ಹರಡಲು ಇನ್ನೊಂದು ಕಾರಣ ಊರಿನ ಒಳಗೇ ಇದೆ. ಹಾಲು ಇಳಿದೀತು, ಗಬ್ಬ ಹೋದೀತು ಎಂಬ ಭಯದಿಂದ ಕೆಲವರು ರಾಸುಗಳನ್ನು ಲಸಿಕೆಗೆ ತರುವುದೇ ಇಲ್ಲ. ಲಸಿಕೆಯ ನಂತರ ಹಾಲು ಇಳಿದರೂ ಅದು ಕೆಲವೇ ದಿನಗಳ ಮಾತು. ರೋಗ ಬಂದ ಹಸುವಾದರೋ ಗೊರಸಿನ ಸಂದು ಕೊಳೆತು, ಬಾಯಿಂದ ಜೊಲ್ಲು ಸುರಿಸುತ್ತಾ ಗೋದಲಿಯ ಮುಂದೆಯೇ ಉಪವಾಸ ನಿಲ್ಲುತ್ತದೆ, ಎಷ್ಟೋ ಸಲ ವಾಸಿಯಾದ ಮೇಲೂ ಬಿಸಿಲಿಗೆ ಏದುಸಿರು ಬಿಡುತ್ತದೆ. 2013ರಲ್ಲಿ ನಮ್ಮ ರಾಜ್ಯದಲ್ಲಿ ಈ ರೋಗಕ್ಕೆ ಸಾವಿರಾರು ರಾಸುಗಳು ಬಲಿಯಾದವು. ಬೊಬ್ಬೆ ಕಾಣಿಸುವ ಮೊದಲೇ ಉಸಿರು, ಜೊಲ್ಲು, ಹಾಲಿನಲ್ಲಿ ವೈರಾಣು ಹೊರಬರುವುದರಿಂದ, ಸಂತೆಯಿಂದ ತಂದ ರಾಸನ್ನು, ನೋಡಲು ಎಷ್ಟೇ ಲವಲವಿಕೆಯಿಂದಿದ್ದರೂ, ಮೂರು ವಾರ ಬೇರೆ ಕಟ್ಟಲೇಬೇಕು.

ಈಗ ರೋಗಿ ರಾಸುಗಳನ್ನು ಪ್ರತ್ಯೇಕಿಸಿ, ಅವುಗಳ ಆರೈಕೆಯನ್ನು ಕೊನೆಯಲ್ಲಿ ಮಾಡಿ, ಲೀಟರ್ ನೀರಿಗೆ 40 ಗ್ರಾಂ ವಾಷಿಂಗ್ ಸೋಡಾ ಕರಗಿಸಿ ಕೊಟ್ಟಿಗೆಯನ್ನು ತೊಳೆಯಿರಿ. ಪಶುವೈದ್ಯರನ್ನು ಕರೆಯಲು 1962ಕ್ಕೆ ಫೋನ್ ಮಾಡಬಹುದು. ರೋಗ ಬಂದ ರಾಸನ್ನು ಸಂತೆಗೆ ಹೊಡೆಯಬೇಡಿ.

ಹಾಲಿನ ವಿಚಾರ: ಈ ಜ್ವರ ಮನುಷ್ಯರನ್ನು ಕಾಡುವುದು ತೀರಾ ಅಪರೂಪ, ಮಕ್ಕಳಿಗೆ ಬರುವ ಕೈ-ಕಾಲು-ಬಾಯಿ ರೋಗದ ವೈರಾಣುವೇ ಬೇರೆ. ಆದರೂ ಚಿಕಿತ್ಸೆಯ ಔಷಧ ಹಾಲಿಗೆ ಬರುವುದರಿಂದ, ಎಷ್ಟು ದಿನ ಬಳಸಬಾರದೆಂದು ವೈದ್ಯರನ್ನೇ ಕೇಳಿ. ಆಮೇಲೂ ಚೆನ್ನಾಗಿ ಕುದಿಸಿಯೇ ಕುಡಿಯಿರಿ. ಕರುವನ್ನು ಮಾತ್ರ ರೋಗ ಬಂದ ತಾಯಿಯ ಕೆಚ್ಚಲಿಗೆ ಬಿಡಬೇಡಿ, ಎಳೆಗರುಗಳಲ್ಲಿ ವೈರಾಣು ಹೃದಯದ ಸ್ನಾಯುವನ್ನೇ ಹಿಡಿದು ದಿಢೀರನೆ ಸಾವು ತರಬಲ್ಲದು.